ಹರಾಜು ಗೆದ್ದರೆ ಮಾಲು ನಿಮ್ಮದೇ?

ನಮ್ಮ ತಲೆಮಾರಿಗೆ ಒಂದು ಗಟ್ಟಿ ನಂಬಿಕೆ ಇದೆ. ಮೇಜಿನ ಎದುರು ಕೂತು ಮಾಡಿದ ವ್ಯವಹಾರದಲ್ಲಿ ಏನೋ ಮಸಲತ್ತು ಇರುತ್ತೆ, ಸ್ಕ್ರೀನ್ ಮೇಲೆ ಮಾಡಿದ್ದರಲ್ಲಿ ಇರಲ್ಲ. ಟೆಂಡರ್ ಅಂದ್ರೆ ಮೂಗು ಮುರೀತೀವಿ. ಅದೇ ಟೆಂಡರಿಗೆ 'ಇ' ಅಂತ ಒಂದಕ್ಷರ ಅಂಟಿಸಿದ್ರೆ ಸಮಾಧಾನ ಆಗಿಬಿಡುತ್ತೆ. ಬ್ಯಾಂಕು ಜಪ್ತಿ ಮಾಡಿದ ಫ್ಲಾಟು, ಕಂಪನಿ ವಿಲೇವಾರಿ ಮಾಡೋ ಹಳೇ ಕಾರು, ನಾಣ್ಯ, ಗಡಿಯಾರ, ಎಲ್ಲವೂ ಈಗ ಆನ್‌ಲೈನ್ ಹರಾಜಿಗೆ ಬರುತ್ತವೆ. ರಾತ್ರಿ ಊಟ ಮುಗಿಸಿ, ಸೋಫಾದ ಮೇಲೆ ಕಾಲು ಚಾಚಿ, ಬಿಡ್ ಹಾಕಿ, ಗೆದ್ದು, ದುಡ್ಡು ಕಟ್ಟಿ ಮಲಗಬಹುದು. ಗೆದ್ದ ಮಾಲು ಎಲ್ಲಿದೆ, ಅದನ್ನ ಅಲ್ಲಿಂದ ಎತ್ತೋಕೆ ಯಾರ ಅಪ್ಪಣೆ ಬೇಕು, ಅದು ಯಾವ ಗಡಿ ದಾಟಬಹುದು, ಯಾವುದನ್ನ ದಾಟಬಾರದು ಅನ್ನೋದೆಲ್ಲ ಷರತ್ತುಗಳ ಪುಟದಲ್ಲಿ ಇರುತ್ತೆ. ಆ ಪುಟಕ್ಕೆ ನಾವು ಕೊಡೋ ಮರ್ಯಾದೆ ಒಂದು ಟಿಕ್ ಮಾರ್ಕು.

ಆ ಟಿಕ್ ಮಾರ್ಕಿನ ಬಗ್ಗೆಯೇ ನನ್ನ ತಕರಾರು. ಹರಾಜು ಅನ್ನೋದು ಬೆಲೆ ಗೊತ್ತು ಮಾಡೋ ಒಂದು ವಿಧಾನ, ಅಷ್ಟೇ. ಮಾರೋ ಹಕ್ಕು, ಸಾಗಿಸೋ ಹಕ್ಕು, ದೇಶದ ಹೊರಗೆ ಕಳಿಸೋ ಹಕ್ಕು ಇವು ಮೂರು ಬೇರೆ ಬೇರೆ. ಬಿಡ್ ಗೆದ್ದರೆ ಮೂರೂ ತಾನಾಗಿ ಕೈಗೆ ಬರಲ್ಲ. ಕರ್ನಾಟಕದಲ್ಲಿ ಈ ಪಾಠವನ್ನ ಬೇಲೆಕೇರಿಯಷ್ಟು ಚೆನ್ನಾಗಿ ಹೇಳಿಕೊಟ್ಟ ಊರು ಇನ್ನೊಂದಿಲ್ಲ. ನಾವು ಕಲಿತದ್ದು ಮಾತ್ರ ಅರ್ಧ ಪಾಠ.

ಕರಾವಳಿಯಲ್ಲಿ ಮೀನಿನ ಲಿಲಾವು ನೋಡಿದವರಿಗೆ ಹರಾಜು ಅಂದರೆ ಏನು ಅಂತ ವಿವರಿಸಬೇಕಾಗಿಲ್ಲ. ಬುಟ್ಟಿ ಎದುರಿಗಿದೆ, ಬಂಗಡೆಯ ಕಣ್ಣು ಹೊಳೀತಿದೆಯೋ ಇಲ್ಲವೋ ಕಾಣುತ್ತೆ. ಹಿಡಿದವರು ಅಲ್ಲೇ ನಿಂತಿದ್ದಾರೆ, ಕೊಳ್ಳೋರೂ ಅಲ್ಲೇ. ರೇಟು ಕೂಗಿ ಮುಗಿದ ಮರುಕ್ಷಣ ಬುಟ್ಟಿ ತಲೆ ಮೇಲೆ ಏರುತ್ತೆ. ಮಾಲು, ಮಾರೋರು, ಕೊಳ್ಳೋರು, ಜಾಗ ಎಲ್ಲ ಒಂದೇ ಕಡೆ ಇರೋದ್ರಿಂದ ಬೆಲೆ ಒಂದೇ ಪ್ರಶ್ನೆ. ಆನ್‌ಲೈನ್ ಹರಾಜು ಈ ನಾಲ್ಕನ್ನೂ ಬಿಡಿಸಿ ಬೇರೆ ಬೇರೆ ಊರಲ್ಲಿ ಇಡುತ್ತೆ. ಅವುಗಳ ನಡುವಿನ ದಾರಿಯಲ್ಲಿ ಏನಾಗುತ್ತೆ ಅನ್ನೋದು ಸ್ಕ್ರೀನಿಗೆ ಗೊತ್ತಿಲ್ಲ.

ಈಗ ಆ ದಾರಿಯನ್ನೇ ನೋಡೋಣ. ಬಳ್ಳಾರಿ, ಹೊಸಪೇಟೆ ಕಡೆಯಿಂದ ಹೊರಟ ಹೆದ್ದಾರಿ ಹುಬ್ಬಳ್ಳಿ, ಯಲ್ಲಾಪುರ ದಾಟಿ, ಅರಬೈಲ್ ಘಾಟಿ ಇಳಿದು ಅಂಕೋಲಾಕ್ಕೆ ಬರುತ್ತೆ. ಹಳೇ ಲೆಕ್ಕದಲ್ಲಿ ಅದು ರಾಷ್ಟ್ರೀಯ ಹೆದ್ದಾರಿ 63. ಸಂಡೂರಿನ ಗುಡ್ಡ ಒಂದು ತುದಿ, ಅರಬ್ಬಿ ಸಮುದ್ರ ಇನ್ನೊಂದು ತುದಿ. ಸಮುದ್ರದ ತುದಿಯಲ್ಲಿ ಕಾರವಾರ ಬಂದರಿನ ಜೊತೆಗೆ ಬೇಲೆಕೇರಿ ಅನ್ನೋ ಚಿಕ್ಕ ಬಂದರು. ದೊಡ್ಡ ಹಡಗು ದಡದ ತನಕ ಬರೋಕಾಗಲ್ಲ. ಲಾರಿಯಲ್ಲಿ ಬಂದ ಅದಿರನ್ನ ದಡದ ಮೇಲೆ ರಾಶಿ ಹಾಕಿ, ಬಾರ್ಜ್‌ಗೆ ತುಂಬಿ, ಸಮುದ್ರದಲ್ಲಿ ಲಂಗರು ಹಾಕಿದ ಹಡಗಿಗೆ ಮುಟ್ಟಿಸಬೇಕು. ಅಂದರೆ ಗಣಿಯಿಂದ ಹಡಗಿನವರೆಗೆ ಕನಿಷ್ಠ ನಾಲ್ಕು ಸಲ ಅದಿರು ಕೈ ಬದಲಾಗುತ್ತೆ, ಒಂದೊಂದು ಸಲವೂ ಒಂದೊಂದು ಇಲಾಖೆಯ ಕಣ್ಣ ಮುಂದೆ.

2008ರ ಬೀಜಿಂಗ್ ಒಲಿಂಪಿಕ್ಸ್ ಆಸುಪಾಸಿನ ವರ್ಷಗಳಲ್ಲಿ ಚೀನಾದ ಉಕ್ಕಿನ ಹಸಿವಿಗೆ ಮಿತಿ ಇರಲಿಲ್ಲ. ಘಾಟಿಯ ಮರಗಳು ಕೆಂಪು ಧೂಳು ಹೊದ್ದು ನಿಂತಿದ್ದ ಕಾಲ ಅದು. 2006ರಿಂದ 2010ರ ನಡುವೆ ಬೇಲೆಕೇರಿ ಒಂದರಿಂದಲೇ ಸುಮಾರು 77 ಲಕ್ಷ ಟನ್ ಅದಿರು ಅಕ್ರಮವಾಗಿ ರಫ್ತಾಯಿತು ಅನ್ನೋದು ಲೋಕಾಯುಕ್ತದ ಲೆಕ್ಕ. 2010ರ ಮಾರ್ಚ್‌ನಲ್ಲಿ ಅರಣ್ಯ ಅಧಿಕಾರಿ ಆರ್. ಗೋಕುಲ್ ಬಂದರಿನಲ್ಲಿದ್ದ ಲಕ್ಷಾಂತರ ಟನ್ ಅದಿರನ್ನ ಪರ್ಮಿಟ್ ಇಲ್ಲ ಅಂತ ಜಪ್ತಿ ಮಾಡಿದರು. ಕೆಲವೇ ತಿಂಗಳಲ್ಲಿ ಆ ಜಪ್ತಿ ಮಾಲಿನ ಬಹುಪಾಲು ಮಾಯ! ಕಾಗದದ ಮೇಲೆ ಸರ್ಕಾರದ ವಶದಲ್ಲಿರೋ ಅದಿರು, ನಿಜದಲ್ಲಿ ಹಡಗು ಹತ್ತಿ ಹೋಗಿತ್ತು. ಅದೇ ಗೋಕುಲ್ ಅವರ ಅಮಾನತಿಗೆ ಸಚಿವರು ಮುಂದಾದಾಗ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ 2010ರ ಜೂನ್ 23ರಂದು ರಾಜೀನಾಮೆ ಕೊಟ್ಟರು, ಜುಲೈ ಮೊದಲ ವಾರದಲ್ಲಿ ಹಿಂತೆಗೆದುಕೊಂಡರು. 2011ರ ಜುಲೈ 27ರಂದು ಅವರು ಸಲ್ಲಿಸಿದ ವರದಿ, ಗಣಿ ಅಕ್ರಮದಿಂದ ರಾಜ್ಯದ ಬೊಕ್ಕಸಕ್ಕೆ ಆದ ನಷ್ಟವನ್ನ 16 ಸಾವಿರ ಕೋಟಿ ರೂಪಾಯಿಗೂ ಮೇಲೆ ಅಂತ ಹೇಳಿತು. ಮುಂದೆ ಏನಾಯ್ತು, ಯಾವ ಕುರ್ಚಿ ಬಿತ್ತು ಅನ್ನೋದು ಎಲ್ಲರಿಗೂ ಗೊತ್ತಿರೋ ಕಥೆ.

ನನಗೆ ಮುಖ್ಯ ಅನಿಸೋದು ಅದನ್ನ ಕಂಡುಹಿಡಿದ ರೀತಿ. ಯು.ವಿ. ಸಿಂಗ್ ನೇತೃತ್ವದ ತಂಡ ಬಳಸಿದ ಮುಖ್ಯ ಅಸ್ತ್ರ ಮೂರನೇ ಕ್ಲಾಸಿನ ಗಣಿತ: ಕಳೆಯೋ ಲೆಕ್ಕ. ಬಂದರಿನಿಂದ ಎಷ್ಟು ಟನ್ ಹೊರಗೆ ಹೋಯ್ತು ಅನ್ನೋದಕ್ಕೆ ಕಸ್ಟಮ್ಸ್ ಮತ್ತು ಬಂದರಿನ ದಾಖಲೆ ಇದೆ. ಎಷ್ಟು ಟನ್ ಸಾಗಿಸೋಕೆ ಪರ್ಮಿಟ್ ಕೊಟ್ಟಿದ್ರು ಅನ್ನೋದಕ್ಕೆ ಗಣಿ ಇಲಾಖೆ, ಅರಣ್ಯ ಇಲಾಖೆಗಳ ದಾಖಲೆ ಇದೆ. ಮೊದಲನೇದರಲ್ಲಿ ಎರಡನೇದನ್ನ ಕಳೆಯಿರಿ. ಉಳಿದದ್ದು ಕಳವು. ಎಲ್ಲ ಕಾಗದಗಳೂ ಮೊದಲಿನಿಂದ ಇದ್ದವು. ಒಂದು ಇಲಾಖೆಯ ಕಾಗದವನ್ನ ಇನ್ನೊಂದರ ಪಕ್ಕ ಇಟ್ಟು ನೋಡೋರು ಇರಲಿಲ್ಲ, ಅಥವಾ ನೋಡದೇ ಇರೋಕೆ ಅವರಿಗೆ ಕಾರಣ ಇತ್ತು. ಆ ವರದಿಯಲ್ಲಿ 'ಝೀರೋ ರಿಸ್ಕ್' ಅನ್ನೋ ಮಾತು ಬರುತ್ತೆ. ಟನ್ನಿಗೆ ಇಷ್ಟು ಅಂತ 'ರಿಸ್ಕ್ ಹಣ' ಕೊಟ್ಟರೆ ಪರ್ಮಿಟ್ ಇಲ್ಲದ ಲಾರಿಯನ್ನ ಯಾರೂ ತಡೆಯದ ಹಾಗೆ ನೋಡಿಕೊಳ್ಳೋ ಏರ್ಪಾಟಿಗೆ ಇದ್ದ ಹೆಸರದು. ಅಂದರೆ ನಿಯಮಗಳು ಇರಲಿಲ್ಲ ಅಂತಲ್ಲ. ನಿಯಮಗಳಿಗೆ ಒಂದು ರೇಟು ನಿಗದಿ ಆಗಿತ್ತು.

ಇದನ್ನ ನಿಲ್ಲಿಸೋಕೆ ಹೊರಟ ಸರ್ಕಾರ ಏನು ಮಾಡ್ತು ನೋಡಿ. 2010ರ ಜುಲೈ 26ರಂದು ರಾಜ್ಯದ 10 ಚಿಕ್ಕ ಬಂದರುಗಳಿಂದ ಅದಿರು ರಫ್ತು ನಿಷೇಧಿಸೋ ಆದೇಶ. ಜುಲೈ 28ರಂದು ರಫ್ತಿಗಾಗಿ ಅದಿರು ಸಾಗಿಸೋಕೆ ಪರ್ಮಿಟ್ ಕೊಡಕೂಡದು ಅನ್ನೋ ಇನ್ನೊಂದು ಆದೇಶ. ಯಾಕೆ ಎರಡು? ಒಂದು ಬಂದರಿನ ಬಾಗಿಲಿಗೆ ಬೀಗ, ಇನ್ನೊಂದು ರಸ್ತೆಗೆ ಬೀಗ. ಒಂದಕ್ಕೆ ಬೀಗ ಜಡಿದು ಇನ್ನೊಂದನ್ನ ತೆರೆದಿಟ್ಟರೆ ಮಾಲು ದಾರಿ ಹುಡುಕಿಕೊಳ್ಳುತ್ತೆ ಅನ್ನೋದು ಅಷ್ಟೊತ್ತಿಗೆ ಅರ್ಥ ಆಗಿತ್ತು.

ಆಮೇಲೆ ಸುಪ್ರೀಂ ಕೋರ್ಟ್ ಬಂತು. ಸಮಾಜ ಪರಿವರ್ತನ ಸಮುದಾಯ ಹೂಡಿದ ಮೊಕದ್ದಮೆಯಲ್ಲಿ 2011ರ ಜುಲೈ 29ರಂದು ಬಳ್ಳಾರಿಯ ಗಣಿಗಾರಿಕೆ ನಿಂತಿತು. ಆಗಸ್ಟ್ 26ರಂದು ಚಿತ್ರದುರ್ಗ, ತುಮಕೂರು ಕೂಡ ನಿಂತವು. ಗಣಿ ನಿಂತರೂ ಮೊದಲೇ ಅಗೆದ ಅದಿರು ರಾಶಿ ರಾಶಿಯಾಗಿ ಬಿದ್ದಿತ್ತು, ಅತ್ತ ರಾಜ್ಯದ ಉಕ್ಕಿನ ಕಾರ್ಖಾನೆಗಳಿಗೆ ಅದಿರು ಬೇಕಿತ್ತು. ಸೆಪ್ಟೆಂಬರ್ 23ರಂದು ಕೋರ್ಟ್ ಒಂದು ಉಸ್ತುವಾರಿ ಸಮಿತಿ ನೇಮಿಸಿ, ಆ 2.5 ಕೋಟಿ ಟನ್ ದಾಸ್ತಾನನ್ನ ಇ-ಹರಾಜಿನಲ್ಲಿ ಮಾರಿ ಅಂತ ಹೇಳಿತು. ಹರಾಜು ನಡೆಸಿದ್ದು ಕೇಂದ್ರ ಸರ್ಕಾರದ ಎಂಎಸ್‌ಟಿಸಿ. 2013ರ ಏಪ್ರಿಲ್ 18ರ ತೀರ್ಪು ಗಣಿಗಳನ್ನ ಎ, ಬಿ, ಸಿ ಅಂತ ವಿಂಗಡಿಸಿತು. 'ಸಿ' ಗುಂಪಿನ ಗುತ್ತಿಗೆ ರದ್ದು. ಉಳಿದವರು ಮಾರಬೇಕಾದರೆ ಇ-ಹರಾಜಿನಲ್ಲೇ ಮಾರಬೇಕು. ಉತ್ಪಾದನೆಗೆ ರಾಜ್ಯಕ್ಕೆಲ್ಲ ಸೇರಿ ವರ್ಷಕ್ಕೆ 3 ಕೋಟಿ ಟನ್ ಮಿತಿ. ಅದಿರು ದೇಶ ಬಿಟ್ಟು ಹೋಗೋ ಹಾಗಿಲ್ಲ. ಈ ವ್ಯವಸ್ಥೆ 2022ರ ತನಕ ನಡೆಯಿತು. ಹನ್ನೊಂದು ವರ್ಷ! ಆನ್‌ಲೈನ್ ಹರಾಜಿನಲ್ಲೇ ಮಾರಬೇಕು ಅಂತ ಒಂದು ಇಡೀ ಉದ್ಯಮಕ್ಕೆ ಇಷ್ಟು ದೀರ್ಘಕಾಲ ಕಟ್ಟು ಹಾಕಿದ್ದು ಸಣ್ಣ ಪ್ರಯೋಗ ಅಲ್ಲ.

ಇಲ್ಲೇ ನನ್ನ ವಿಮರ್ಶೆ ಶುರುವಾಗೋದು. ಈ ಪ್ರಯೋಗದ ಬಗ್ಗೆ ಮಾತಾಡುವಾಗ 'ಇ-ಹರಾಜು ಬಂತು, ಪಾರದರ್ಶಕತೆ ಬಂತು' ಅಂತ ಒಂದೇ ಉಸಿರಲ್ಲಿ ಹೇಳಿ ಮುಗಿಸ್ತಾರೆ. ಯಶಸ್ಸಿನ ಹಾರವನ್ನ ಸ್ಕ್ರೀನಿನ ಕೊರಳಿಗೆ ಹಾಕ್ತಾರೆ. ನನ್ನ ಪ್ರಕಾರ ಆ ಹಾರ ಹೋಗಬೇಕಾದ್ದು ಬೇರೆಯವರಿಗೆ. ಹರಾಜಿನ ಪೋರ್ಟಲ್ ಮಾಡಿದ್ದು ಯಾರು ಮಾರಿದರು, ಯಾರು ಕೊಂಡರು, ಎಷ್ಟಕ್ಕೆ ಅನ್ನೋ ಮೂರು ಸಂಗತಿ ಬಹಿರಂಗ ಮಾಡಿದ್ದು. ಒಳ್ಳೆಯದೇ. ಅದಿರನ್ನ ಹತೋಟಿಗೆ ತಂದದ್ದು ಮಾತ್ರ ಆ ಪೋರ್ಟಲಿನ ಹಿಂದೆ ಕಟ್ಟಿದ ಬಿಗಿ ಷರತ್ತುಗಳು: ಗಣಿಯ ಗಡಿಯನ್ನ ಮತ್ತೆ ಅಳೆದದ್ದು, ಹರಾಜಿಗೆ ಮುಂಚೆ ರಾಶಿಯ ತೂಕ, ಗುಣಮಟ್ಟ ಗೊತ್ತು ಮಾಡಿದ್ದು, ಗೆದ್ದವರ ಹೆಸರಿಗೇ ಸಾಗಣೆ ಪರ್ಮಿಟ್ ಕೊಟ್ಟಿದ್ದು, ಹಡಗಿನ ದಾರಿ ಮುಚ್ಚಿದ್ದು. ಇವನ್ನ ತೆಗೆದು ಬರೀ ಪೋರ್ಟಲ್ ಉಳಿಸಿಕೊಂಡಿದ್ದರೆ? 100 ಲಾರಿ ಅದಿರನ್ನ ಹರಾಜಿನಲ್ಲಿ ಕೊಂಡು, ಅದೇ ಕಾಗದ ತೋರಿಸಿ 300 ಲಾರಿ ಸಾಗಿಸಬಹುದಿತ್ತು. ಬಿಡ್ ಮಾತ್ರ ಅಪ್ಪಟ ಪಾರದರ್ಶಕ ಆಗಿರುತ್ತಿತ್ತು!

ಇನ್ನೊಂದು ಮಾತು. ಷರತ್ತು ಬಿಗಿ ಆದಾಗ ಅದರ ಬೆಲೆ ಯಾರು ಕೊಡ್ತಾರೆ ಅನ್ನೋದನ್ನೂ ಕೇಳಬೇಕು. ರಫ್ತು ಇಲ್ಲ, ಹರಾಜು ಬಿಟ್ಟು ಬೇರೆ ದಾರಿ ಇಲ್ಲ ಅಂದರೆ ಕೊಳ್ಳೋರು ಕೆಲವೇ ಉಕ್ಕಿನ ಕಾರ್ಖಾನೆಗಳು. ಅವರಿಗೆ ಬೇಡ ಅನಿಸಿದ ಅದಿರು ಬಿಕರಿ ಆಗದೆ ಉಳಿಯುತ್ತೆ. ಹರಾಜಿಗೆ ಜನ ಬರ್ತಿಲ್ಲ, ದಾಸ್ತಾನು ಬೆಳೀತಿದೆ ಅಂತ ಗಣಿ ಮಾಲೀಕರು ಕೋರ್ಟಿಗೆ ಹೋದದ್ದು ಇದೇ ಕಾರಣಕ್ಕೆ. ಅವರ ವಾದದಲ್ಲಿ ಹುರುಳಿತ್ತು. ಹರಾಜಿನಲ್ಲಿ ಸರಿಯಾದ ಬೆಲೆ ಬರಬೇಕಾದರೆ ಕೊಳ್ಳೋರ ಸಂಖ್ಯೆ ಸಾಕಷ್ಟಿರಬೇಕು. ಬೇಲಿ ಹಾಕಿ ನಾಲ್ಕೇ ಜನರನ್ನ ಒಳಗೆ ಬಿಟ್ಟು 'ಇದು ಮಾರುಕಟ್ಟೆ ಬೆಲೆ' ಅನ್ನೋದು ಅರ್ಧ ಸತ್ಯ. ಆದರೆ ಬೇಲಿ ಯಾಕೆ ಹಾಕಬೇಕಾಯ್ತು ಅನ್ನೋದನ್ನ ಮರೆತು ಬೇಲಿಯನ್ನ ಬೈಯೋದೂ ಅರ್ಧ ಸತ್ಯವೇ. ಬೇಲೆಕೇರಿಯ ದಡದಲ್ಲಿ ಕಳೆಯೋ ಲೆಕ್ಕ ಸರಿ ಬಂದಿದ್ದರೆ ಈ ಬೇಲಿ ಬೇಕಾಗ್ತಿರಲಿಲ್ಲ.

ಸರಿ, 2022ರ ಮೇ 20ಕ್ಕೆ ಬರೋಣ. ಅಂದು ಮುಖ್ಯ ನ್ಯಾಯಮೂರ್ತಿ ಎನ್.ವಿ. ರಮಣ ಅವರ ಪೀಠ ಕಟ್ಟು ಬಿಚ್ಚಿತು. ಇ-ಹರಾಜು ಕಡ್ಡಾಯ ಅಲ್ಲ, ನೇರವಾಗಿ ಮಾರಬಹುದು, ಕೇಂದ್ರದ ನೀತಿಗೆ ಒಳಪಟ್ಟು ರಫ್ತೂ ಮಾಡಬಹುದು. ಹನ್ನೊಂದು ವರ್ಷ ಕಾದವರಿಗೆ ಹಬ್ಬ. ಹಬ್ಬ ಎರಡೇ ದಿನ. ಮೇ 22ರಿಂದ ಜಾರಿಗೆ ಬರೋ ಹಾಗೆ ಕೇಂದ್ರ ಸರ್ಕಾರ ಕಬ್ಬಿಣದ ಅದಿರಿನ ರಫ್ತು ಸುಂಕವನ್ನ 50%ಗೆ ಏರಿಸಿತು. ಅದು ಕರ್ನಾಟಕಕ್ಕೆ ಅಂತ ಮಾಡಿದ್ದಲ್ಲ, ದೇಶದಲ್ಲಿ ಉಕ್ಕಿನ ಬೆಲೆ ಇಳಿಸೋಕೆ ಮಾಡಿದ್ದು. ಆದರೆ ಇಲ್ಲಿ ಆದ ಪರಿಣಾಮ ಅದೇ: ನ್ಯಾಯಾಲಯ ತೆರೆದ ಬಾಗಿಲ ಹೊರಗೆ ಹಣಕಾಸು ಇಲಾಖೆ ಇನ್ನೊಂದು ಬಾಗಿಲು ನಿಲ್ಲಿಸಿತು. ಅದೇ ವರ್ಷ ನವೆಂಬರ್ 19ರಿಂದ ಸುಂಕ ಹಳೇ ಮಟ್ಟಕ್ಕೆ ಬಂತು. ಕಬ್ಬಿಣಾಂಶ 58%ಗಿಂತ ಕಡಿಮೆ ಇರೋ ಅದಿರಿಗೆ ಸುಂಕ ಇಲ್ಲ, ಅದಕ್ಕಿಂತ ಹೆಚ್ಚಿದ್ದರೆ 30%. ಅಂದರೆ ಒಂದೇ ಗುಡ್ಡದ ಎರಡು ರಾಶಿಗೆ ಎರಡು ಕಾನೂನು, ಪ್ರಯೋಗಾಲಯದ ಒಂದು ಅಂಕಿಯ ಮೇಲೆ.

ಅದಿರಿನ ಕಥೆ ಕಟ್ಟಿಕೊಂಡು ನಮಗೇನು, ನಾವು ಕೊಳ್ಳೋದು ಟನ್ ಲೆಕ್ಕದಲ್ಲಿ ಅಲ್ಲವಲ್ಲ ಅಂತೀರಾ? ನಾವು ಕೈ ಹಾಕೋ ಹರಾಜುಗಳಲ್ಲೂ ಇದೇ ಮೂರು ಬಾಗಿಲು ಇವೆ. ಬ್ಯಾಂಕಿನ ಹರಾಜಿನ ನೋಟಿಸು ತೆಗೆದು ನೋಡಿ. 'ಎಲ್ಲಿದೆಯೋ ಅಲ್ಲಿ, ಹೇಗಿದೆಯೋ ಹಾಗೆ, ಏನಿದೆಯೋ ಅದು' ಅನ್ನೋ ಮಾತು ಇದ್ದೇ ಇರುತ್ತೆ. ಫ್ಲಾಟಿನಲ್ಲಿ ಇನ್ನೂ ಯಾರೋ ವಾಸ ಇದ್ದರೆ, ಅಪಾರ್ಟ್‌ಮೆಂಟ್ ಸಂಘಕ್ಕೆ ಬಾಕಿ ಇದ್ದರೆ, ಅದನ್ನ ಮೊದಲೇ ವಿಚಾರಿಸೋ ಹೊಣೆ ನಿಮ್ಮ ಮೇಲೆ ಅಂತ ಅರ್ಥ. ಬ್ಯಾಂಕು ಮಾರೋದು ತನ್ನ ಕೈಯಲ್ಲಿರೋ ಹಕ್ಕನ್ನ. ಬೀಗದ ಕೈ ಅದರ ಜೊತೆ ಬರುತ್ತೆ ಅಂತ ನೀವಾಗಿಯೇ ಅಂದುಕೊಂಡರೆ ಅದು ನಿಮ್ಮ ಊಹೆ.

ಅಜ್ಜನ ಮನೆಯ ಅಟ್ಟದಲ್ಲಿ ಒಂದು ಹಳೇ ಕಂಚಿನ ವಿಗ್ರಹ ಸಿಕ್ಕಿತು ಅನ್ನಿ. ವಿದೇಶದ ಹರಾಜು ತಾಣದಲ್ಲಿ ಅಂಥದ್ದಕ್ಕೆ ಡಾಲರ್‌ನಲ್ಲಿ ಬೆಲೆ ಕಂಡರೆ ಆಸೆ ಸಹಜ. ಆದರೆ 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆ ಪ್ರಕಾರ 100 ವರ್ಷ ದಾಟಿದ ವಿಗ್ರಹ, 75 ವರ್ಷ ದಾಟಿದ ಮಹತ್ವದ ಹಸ್ತಪ್ರತಿ ಪ್ರಾಚ್ಯವಸ್ತು. ಅದನ್ನ ದೇಶದ ಹೊರಗೆ ಕಳಿಸೋ ಅಧಿಕಾರ ಕೇಂದ್ರ ಸರ್ಕಾರ ಮತ್ತು ಅದು ನೇಮಿಸಿದ ಸಂಸ್ಥೆಗೆ ಮಾತ್ರ. ದೇಶದ ಒಳಗೇ ಅದರ ವ್ಯಾಪಾರಕ್ಕೆ ಇಳಿಯಬೇಕಾದರೂ ಪರವಾನಗಿ ಬೇಕು. ವಿಗ್ರಹ ನಿಮ್ಮದೇ, ಖರೀದಿದಾರನೂ ಅಸಲಿ, ಬೆಲೆಯೂ ಅಸಲಿ. ಅಂಚೆಗೆ ಹಾಕಿದ ದಿನ ಮಾತ್ರ ನೀವು ಕಳ್ಳಸಾಗಣೆದಾರ.

ಪಕ್ಕದ ಆಂಧ್ರದ ರಕ್ತಚಂದನದ್ದೂ ಇದೇ ಕಥೆ. ಕಳ್ಳರಿಂದ ಜಪ್ತಿ ಮಾಡಿದ ದಿಮ್ಮಿಗಳನ್ನ ಅಲ್ಲಿನ ಸರ್ಕಾರವೇ ಇ-ಹರಾಜಿನಲ್ಲಿ ಮಾರಿದೆ. ಮಾರಿದ್ದು ಸರ್ಕಾರವೇ ಆದರೂ, ಅಳಿವಿನಂಚಿನ ಜೀವಿಗಳ ವ್ಯಾಪಾರದ ಬಗೆಗಿನ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿ ಆ ಮರ ಇರೋದ್ರಿಂದ ರಫ್ತಿಗೆ ಬೇರೆ ಅನುಮತಿ ಬೇಕೇ ಬೇಕು. ಸರ್ಕಾರದಿಂದಲೇ ಕೊಂಡೆ ಅಂದರೆ ಬಂದರು ಬಾಗಿಲು ತೆಗೆಯಲ್ಲ.

ಹಾಗಾಗಿ ಬಿಡ್ ಹಾಕೋ ಮುಂಚೆ ಕೇಳಬೇಕಾದ ಪ್ರಶ್ನೆ ಮೂರು. ಮಾರುತ್ತಿರೋರಿಗೆ ಮಾರೋ ಹಕ್ಕಿದೆಯಾ? ಮಾಲು ಇರೋ ಜಾಗದಿಂದ ನನ್ನ ಜಾಗಕ್ಕೆ ಬರೋಕೆ ಯಾರ ಯಾರ ಕಾಗದ ಬೇಕು, ಅದು ಯಾರ ಹೆಸರಲ್ಲಿರಬೇಕು? ದಾರಿಯಲ್ಲಿ ಗಡಿ ಇದ್ದರೆ, ಮಾಲು ದಾಟೋ ದಿನದ ಸುಂಕ, ನಿಷೇಧ ಏನು? ಮೂರನೇ ಪ್ರಶ್ನೆಯಲ್ಲಿ 'ಆ ದಿನದ' ಅನ್ನೋದು ಮುಖ್ಯ. ಬಿಡ್ ಗೆದ್ದ ದಿನದ ಕಾನೂನು ಮಾಲು ಹೊರಟ ದಿನಕ್ಕೆ ಇರಬೇಕು ಅಂತೇನಿಲ್ಲ. 2022ರ ಮೇ ತಿಂಗಳಲ್ಲಿ ಎರಡೇ ದಿನದಲ್ಲಿ ಬದಲಾಯ್ತಲ್ಲ!

ಇಷ್ಟೆಲ್ಲ ಕಾಗದ ಕೇಳೋದು ಹಳೇ ಲೈಸೆನ್ಸ್ ರಾಜ್ ಅಲ್ವಾ, ವ್ಯಾಪಾರ ಸಲೀಸಾಗಬೇಕಲ್ವಾ ಅಂತ ಗೆಳೆಯರು ವಾದ ಮಾಡ್ತಾರೆ. ಅನಗತ್ಯ ಕಾಗದ ಹೋಗಲಿ, ನನ್ನದೂ ಅದೇ ಅಭಿಪ್ರಾಯ. ಆದರೆ ಕಾಗದದ ಸಂಖ್ಯೆಗೂ ಕಾಗದಗಳು ಒಂದನ್ನೊಂದು ನೋಡೋದಕ್ಕೂ ವ್ಯತ್ಯಾಸ ಇದೆ. ಬೇಲೆಕೇರಿಯಲ್ಲಿ ಕಾಗದ ಕಮ್ಮಿ ಇರಲಿಲ್ಲ. ಗಣಿ ಇಲಾಖೆಯದ್ದು ಒಂದು, ಅರಣ್ಯದ್ದು ಒಂದು, ಬಂದರಿನದ್ದು ಒಂದು, ಕಸ್ಟಮ್ಸ್‌ದು ಒಂದು. ಇನ್ನೊಂದು ಫಾರಂ ಸೇರಿಸಿದ್ದರೂ ಹಡಗು ಹೊರಡುತ್ತಿತ್ತು. ಬೇಕಿದ್ದದ್ದು ನಾಲ್ಕನ್ನೂ ಒಂದೇ ಮೇಜಿನ ಮೇಲಿಟ್ಟು ಕೂಡಿ ಕಳೆಯೋದು. ಕಂಪ್ಯೂಟರ್ ನಿಜಕ್ಕೂ ಚೆನ್ನಾಗಿ ಮಾಡೋ ಕೆಲಸ ಅದು. ಬೆಲೆ ಕೂಗೋ ಕೆಲಸ ಮೊದಲು ಅದಕ್ಕೆ ಒಪ್ಪಿಸಿದ್ವಿ, ಲೆಕ್ಕ ತಾಳೆ ನೋಡೋ ಕೆಲಸಕ್ಕೆ ಹಚ್ಚೋದು ತಡ ಮಾಡಿದ್ವಿ.

ಆ ತಡ ಎಷ್ಟು ದುಬಾರಿ ಅನ್ನೋದು ಕಾಲದ ಲೆಕ್ಕದಲ್ಲೂ ಕಾಣುತ್ತೆ. ಅದಿರು ಮಾಯವಾದದ್ದು 2010ರಲ್ಲಿ. ಬೆಂಗಳೂರಿನ ಜನಪ್ರತಿನಿಧಿಗಳ ವಿಶೇಷ ನ್ಯಾಯಾಲಯ ಕಾರವಾರದ ಶಾಸಕ ಸತೀಶ್ ಸೈಲ್, ಆಗಿನ ಬಂದರು ಅಧಿಕಾರಿ ಮತ್ತಿತರರಿಗೆ 7 ವರ್ಷಗಳ ಶಿಕ್ಷೆ ಕೊಟ್ಟದ್ದು 2024ರ ಅಕ್ಟೋಬರ್ 26ರಂದು. ಮುಂದಿನ ತಿಂಗಳೇ ಹೈಕೋರ್ಟ್ ಶಿಕ್ಷೆಯನ್ನ ಅಮಾನತಿನಲ್ಲಿ ಇಟ್ಟಿತು. ಆ ನ್ಯಾಯ ಅದರ ದಾರಿಯಲ್ಲಿ ಸಾಗಲಿ. ನಾನು ಹೇಳೋದು ಇಷ್ಟೇ: ದಡದಲ್ಲಿ ಒಂದು ಸಂಜೆ ಮಾಡಿ ಮುಗಿಸಬಹುದಾದ ಲೆಕ್ಕಕ್ಕೆ ನ್ಯಾಯಾಲಯದಲ್ಲಿ 14 ವರ್ಷ ಬೇಕಾಯ್ತು.

ಇದು ಹಳೇ ಕಥೆ ಅಂತ ಮಡಚಿಡೋ ಹಾಗೂ ಇಲ್ಲ. ಅದೇ ಅಂಕೋಲಾ ತಾಲೂಕಿನ ಕೇಣಿಯಲ್ಲಿ ವರ್ಷಕ್ಕೆ 3 ಕೋಟಿ ಟನ್ ಸಾಮರ್ಥ್ಯದ, 4,119 ಕೋಟಿ ರೂಪಾಯಿಯ ಹೊಸ ಬಂದರು ಕಟ್ಟೋ ಗುತ್ತಿಗೆ 2023ರ ನವೆಂಬರ್‌ನಲ್ಲಿ ಜೆಎಸ್‌ಡಬ್ಲ್ಯೂ ಇನ್‌ಫ್ರಾಸ್ಟ್ರಕ್ಚರ್‌ಗೆ ಸಿಕ್ಕಿದೆ. ದಡ ಹೋದರೆ ಮೀನುಗಾರಿಕೆಯೂ ಹೋಗುತ್ತೆ ಅಂತ ಮೀನುಗಾರರು ವಿರೋಧಿಸ್ತಿದ್ದಾರೆ. ಅವರ ಪ್ರಶ್ನೆಗೆ ಬೇರೆಯದೇ ಉತ್ತರ ಕೊಡಬೇಕು, ಇ-ಟೆಂಡರ್ ಮಾಡಿದ್ವಿ ಅನ್ನೋದು ಅದಕ್ಕೆ ಉತ್ತರ ಅಲ್ಲ. ನಮ್ಮಂಥ ದೂರದವರು ಕೇಳಬಹುದಾದ ಪ್ರಶ್ನೆಯೂ ಒಂದಿದೆ. ಆ ಬಂದರಿಗೆ ನಾಳೆ ಬರೋ ಒಂದೊಂದು ಲಾರಿಯ, ವ್ಯಾಗನ್ನಿನ ತೂಕ ಗಣಿಯಲ್ಲಿ ಬರೆದ ತೂಕಕ್ಕೂ ಹಡಗಿಗೆ ತುಂಬಿದ ತೂಕಕ್ಕೂ ತಾಳೆ ಆಗುತ್ತಾ, ಮತ್ತು ಆ ಮೂರು ಅಂಕಿಗಳನ್ನ ಅಂಕೋಲಾದ ಒಬ್ಬ ಸಾಮಾನ್ಯ ಮನುಷ್ಯ ತನ್ನ ಮೊಬೈಲಿನಲ್ಲಿ ನೋಡೋಕೆ ಆಗುತ್ತಾ?